ಎರಡು ಕಿವಿಯ ಲೆಕ್ಕ

ನಮ್ಮ ಅಡುಗೆಮನೆಗೂ ಬಾಜೂ ಮನೆಯ ಅಡುಗೆಮನೆಗೂ ನಡುವೆ ಇರುವುದು ಒಂದು ಗಿಡ್ಡ ಕಂಪೌಂಡು, ಒಂದು ಕರಿಬೇವಿನ ಗಿಡ, ಅಷ್ಟೆ. ಬೆಳಿಗ್ಗೆ ಎಂಟರ ಸುಮಾರಿಗೆ ಎರಡೂ ಮನೆಯ ಕುಕ್ಕರುಗಳು ಕೂಗಲು ತೊಡಗುತ್ತವೆ. ನಾನು ಒಳಕೋಣೆಯಲ್ಲಿ ಸೀರೆಯ ನೆರಿಗೆ ಹಿಡಿಯುತ್ತ, ಒಂದು ಕಣ್ಣು ಗಡಿಯಾರದ ಮೇಲಿಟ್ಟು, ನಮ್ಮ ಕುಕ್ಕರಿನ ಕೂಗನ್ನಷ್ಟೇ ಎಣಿಸುತ್ತಿದ್ದೆ. ಬಾಜೂ ಮನೆಯದು ಎಷ್ಟು ಸಲ ಕೂಗಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಅದೊಂದು ವಿದ್ಯೆ ಎಂದು ನನಗೆ ಎಂದೂ ಅನಿಸಿರಲಿಲ್ಲ. ಊರಿನ ಎಲ್ಲ ಹೆಂಗಸರೂ ಮಾಡುವ ಕೆಲಸ ಅದು.

2017ರ ಜುಲೈ ತಿಂಗಳ ಒಂದು ದಿನ, ಮೂರು ಕೂಗು ಕೇಳಿಸಿತೆಂದು ಓಡಿಬಂದು ಒಲೆ ಆರಿಸಿ ಶಾಲೆಗೆ ಹೋದೆ. ಸಂಜೆ ಮನೆಗೆ ಬಂದಾಗ ನಮ್ಮ ಅತ್ತೆಯವರು ಅರೆಬೆಂದ ತೊಗರಿಬೇಳೆಯನ್ನು ತಟ್ಟೆಯಲ್ಲಿಟ್ಟು ತೋರಿಸಿದರು. "ಅದು ಅವರ ಮನೀ ಕುಕ್ಕರ ಕೂಗಿದ್ದವಾ. ನಿನ್ನ ಕಿವಿ ಎಲ್ಲಿಟ್ಟಿದ್ದಿ?" ಎಂದರು.

ಕಿವಿ ಇಟ್ಟಲ್ಲೇ ಇತ್ತು. ಆದರೆ ಎರಡರಲ್ಲಿ ಒಂದು ಕೆಲಸ ಬಿಟ್ಟು ಆಗ ತಿಂಗಳಾಗಿತ್ತು.

ಅದು ಬಿಟ್ಟದ್ದೂ ಒಂದೇ ರಾತ್ರಿಯಲ್ಲಿ. ರಾತ್ರಿ ಮಲಗುವಾಗ ಚೆನ್ನಾಗಿದ್ದ ಬಲಗಿವಿ ಬೆಳಗಾಗುವುದರಲ್ಲಿ ಅರಳೆ ತುರುಕಿದಂತಾಗಿತ್ತು. ಒಳಗಡೆ ಎಸರು ಕುದಿಯುವಂಥ ಸದ್ದು. ಊರಿನ ಡಾಕ್ಟರೊಬ್ಬರು ನೋಡಿ, ಗುಗ್ಗೆ ಕಟ್ಟಿದೆ ಎಂದು ಹನಿ ಬರೆದುಕೊಟ್ಟರು. ನಾನೂ ಪರೀಕ್ಷೆ, ದಾಖಲಾತಿ ಎಂದು ಓಡಾಡುತ್ತ ಮೂರು ವಾರ ಹನಿ ಹಾಕಿಕೊಂಡೇ ಕಳೆದೆ. ಕಡೆಗೆ ದೊಡ್ಡ ಊರಿನ ಕಿವಿಯ ತಜ್ಞರ ಹತ್ತಿರ ಹೋದಾಗ ಅವರು ಒಂದು ಶ್ರುತಿಕವೆಯನ್ನು ಮಿಡಿದು ನನ್ನ ಹಣೆಯ ನಡುವೆ ಊರಿದರು. "ಸದ್ದು ಯಾವ ಕಡೆ ಕೇಳಸ್ತದ?" "ಎಡಕ್ಕರೀ." ಅವರು ಏನೂ ಹೇಳದೆ ಬರೆದುಕೊಂಡರು. ಆಮೇಲೆ ಯಂತ್ರದ ಪರೀಕ್ಷೆ ಆಯಿತು. ಬಲಗಿವಿಯ ನರ ಸೋತಿತ್ತು. ಮೊದಲ ಕೆಲವು ದಿನಗಳಲ್ಲೇ ಬಂದಿದ್ದರೆ ಔಷಧಿಗೆ ಒಂದಿಷ್ಟು ಅವಕಾಶ ಇತ್ತು ಎಂದರು. ಓದುತ್ತಿರುವ ನೀವು ಯಾರೇ ಆಗಿರಿ, ಒಂದು ಕಿವಿ ಹೀಗೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಅಂದೇ ತಜ್ಞರಿಗೆ ತೋರಿಸಿ. ನನ್ನ ಹಾಗೆ ಗುಗ್ಗೆಯ ಮಾತು ನಂಬಿ ಕೂರಬೇಡಿ.

ನೋಡಲು ಬಂದ ಬೀಗರು, ಬಳಗದವರು, "ದೇವರು ಒಂದಾದರೂ ಉಳಿಸಿದನಲ್ಲ" ಎಂದು ಸಮಾಧಾನ ಹೇಳಿದರು. ನನಗೂ ಹಾಗೇ ಅನಿಸಿತ್ತು. ಒಂದು ಕಿವಿ ಹೋದರೆ ಕೇಳುವುದು ಅರ್ಧ ಕಡಿಮೆಯಾಗುತ್ತದೆ, ಟಿವಿಯ ಸದ್ದು ತುಸು ಹೆಚ್ಚಿಸಿದರಾಯಿತು ಎಂದುಕೊಂಡಿದ್ದೆ. ನಿಜವಾಗಿ ಆದದ್ದು ಬೇರೆ. ದನಿಗಳೆಲ್ಲ ಬರುತ್ತಿದ್ದವು, ಅವುಗಳ ವಿಳಾಸ ಮಾತ್ರ ಅಳಿಸಿಹೋಗಿತ್ತು. ಮನೆಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿದ್ದರೆ ಯಾವ ಕೋಣೆಯಲ್ಲಿದೆ ಎಂದು ತಿಳಿಯದು. ರಸ್ತೆ ದಾಟುವಾಗ ಹಾರ್ನು ಕೇಳಿಸಿದರೆ ಎಡಕ್ಕೆ ತಿರುಗುತ್ತಿದ್ದೆ, ಗಾಡಿ ಬಲಗಡೆಯಿಂದ ಬಂದು ಸೆರಗು ಸವರಿಕೊಂಡು ಹೋಗುತ್ತಿತ್ತು. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಲ್ಲರ ಮಾತೂ ಕಲಸಿದ ಅನ್ನದ ಹಾಗೆ ಒಂದೇ ಮುದ್ದೆ. "ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು" ಎಂದು ನಮ್ಮವ್ವ ಹೇಳುತ್ತಿದ್ದಳು. ಈಗ ಬಿಡುವುದಕ್ಕೂ ದಾರಿ ಇರಲಿಲ್ಲ.

ಇದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ಶಾಲೆಯಲ್ಲಿ.

ನಾನು ಇತಿಹಾಸ ಕಲಿಸುವವಳು. ಬೋರ್ಡಿನ ಮೇಲೆ ಬರೆಯುತ್ತಿರುವಾಗ ಹಿಂದೆ ಯಾರಾದರೂ ಕಿಸಕ್ಕೆಂದರೆ ತಿರುಗದೆಯೇ ಹೆಸರು ಹಿಡಿದು ಕೂಗುವುದು ನನ್ನ ಹೆಚ್ಚುಗಾರಿಕೆಯಾಗಿತ್ತು. "ಅಕ್ಕೋರಿಗೆ ಬೆನ್ನಾಗ ಕಣ್ಣದಾವ" ಎಂದು ಹುಡುಗಿಯರು ಹೇಳುತ್ತಿದ್ದರಂತೆ. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅದು ಕಿವಿಯ ಕೆಲಸ ಎಂದು. ಆ ವರ್ಷ ಆಗಸ್ಟಿನಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ನಾನು ಬರೆಯುತ್ತಿರುವಾಗ ಯಾರೋ ನನ್ನ ದನಿಯನ್ನೇ ಅಣಕಿಸಿದರು. ಹಳೆಯ ರೂಢಿಯಂತೆ ತಿರುಗಿ, ಕಿಟಕಿಯ ಸಾಲಿನ ಮೂರನೆಯ ಬೆಂಚಿನ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ.

"ಖರೇನ ನಾ ಅಲ್ರೀ ಅಕ್ಕೋರ."

"ಸುಳ್ಳು ಬ್ಯಾರೆ ಹೇಳ್ತೀಯೇನು?" ಎಂದು ಪೀರಿಯಡ್ಡು ಮುಗಿಯುವವರೆಗೂ ಹೊರಗೆ ನಿಲ್ಲಿಸಿದೆ. ಅವಳು ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿದಳು, ಹೋಗಿ ನಿಂತಳು.

ವಾರದ ಮೇಲೆ ಇನ್ನೊಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು, ಅಂದು ಅಣಕಿಸಿದವಳು ತಾನು ಎಂದು ಒಪ್ಪಿಕೊಂಡಳು. ಅವಳು ಕೂರುವುದು ಬಾಗಿಲ ಸಾಲಿನಲ್ಲಿ, ಕೋಣೆಯ ಮತ್ತೊಂದು ಬದಿಗೆ. ಆಗ ಕುಳಿತು ನೆನಪು ಮಾಡಿಕೊಂಡೆ. ಶಾಲೆ ಶುರುವಾದಂದಿನಿಂದ ನಾನು ಗದರಿದವರೆಲ್ಲ ಕಿಟಕಿಯ ಸಾಲಿನವರೇ. ಬೋರ್ಡಿಗೆ ಮುಖ ಮಾಡಿ ನಿಂತರೆ ಕಿಟಕಿ ನನ್ನ ಎಡಕ್ಕೆ. ಕೇಳುವ ಕಿವಿ ಎಡದ್ದು, ಆದ್ದರಿಂದ ಕೋಣೆಯ ಯಾವ ಮೂಲೆಯಲ್ಲಿ ಸದ್ದಾದರೂ ಎಡಗಡೆಯವರೇ ತಪ್ಪುಗಾರರು. ಚಾಡಿಗೆ ಒಲಿಯುವ ಕಿವಿಯನ್ನು ಹಿತ್ತಾಳೆ ಕಿವಿ ಎನ್ನುತ್ತಾರೆ. ನನ್ನದು ಯಾರ ಚಾಡಿಯೂ ಇಲ್ಲದೆ ಹಿತ್ತಾಳೆಯಾಗಿತ್ತು.

ಮರುದಿನ ತರಗತಿಯ ಎದುರೇ ಆ ಹುಡುಗಿಗೆ ತಪ್ಪಾಯಿತೆಂದು ಹೇಳಿದೆ. ನನಗೆ ಬಲಗಿವಿ ಕೇಳುವುದಿಲ್ಲ, ಇನ್ನು ಮೇಲೆ ಮಾತಾಡುವವರು ಕೈ ಎತ್ತಿ ಮಾತಾಡಬೇಕು ಎಂದೂ ಹೇಳಿದೆ. ಎಲ್ಲರೂ "ಹೂಂರೀ" ಎಂದರು. ಅವಳು ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು. ಮೊದಲೆಲ್ಲ ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುತ್ತಿದ್ದ ಹುಡುಗಿ. ಆ ವರ್ಷ ಮುಗಿಯುವವರೆಗೂ ನನ್ನ ಪಾಠದಲ್ಲಿ ಅವಳ ಕೈ ಮೇಲೇಳಲಿಲ್ಲ.

ಮನಸ್ಸಿಗೆ ಏನಾದರೂ ಹತ್ತಿಕೊಂಡರೆ ಅದರ ಹಿಂದಿನ ಕಥೆ ಹುಡುಕುವುದು ಇತಿಹಾಸದವರ ಚಾಳಿ. ನಮ್ಮ ವಿಜ್ಞಾನದ ಸರ್ ಅವರನ್ನು, ಎರಡು ಕಿವಿ ಸೇರಿ ಮಾಡುತ್ತಿದ್ದ ಆ ಕೆಲಸ ಯಾವುದು, ಅದನ್ನು ಮೊದಲು ಕಂಡುಹಿಡಿದವರು ಯಾರು ಎಂದು ಕೇಳಿದೆ. ಅವರು ಒಂದಿಷ್ಟು ಹೇಳಿದರು, ಒಂದಿಷ್ಟು ಪುಸ್ತಕ ಕೊಟ್ಟರು. ಲೆಕ್ಕಗಳಿದ್ದ ಪುಟಗಳನ್ನು ಹಾರಿಸಿ, ಮನುಷ್ಯರಿದ್ದ ಪುಟಗಳನ್ನು ನಾನು ಓದಿದೆ.

ಮೊದಲು ತಿಳಿದದ್ದು, ಇದೊಂದು ಪ್ರಶ್ನೆ ಎಂದು ಹೊಳೆಯುವುದಕ್ಕೇ ಬಹಳ ಕಾಲ ಹಿಡಿಯಿತು ಎಂಬುದು. ಕಣ್ಣಿನ ವಿಷಯ ಸುಲಭ. ಕಣ್ಣಿನ ಹಿಂದಿನ ಪರದೆಯ ಮೇಲೆ ಚಿತ್ರ ಬೀಳುತ್ತದೆ, ಎಡಗಡೆಯ ವಸ್ತು ಒಂದು ಜಾಗದಲ್ಲಿ, ಬಲಗಡೆಯದು ಇನ್ನೊಂದು ಜಾಗದಲ್ಲಿ. ಕಿವಿಯಲ್ಲಿ ಅಂಥ ಪರದೆ ಇಲ್ಲ. ತಮಟೆ ಎಲ್ಲೇ ಹೊಡೆಯಲಿ, ಮಗು ಎಲ್ಲೇ ಅಳಲಿ, ಕಿವಿಯ ತೆಳುಪೊರೆ ನಡುಗುತ್ತದೆ, ಅಷ್ಟೆ. ಆ ನಡುಕದಲ್ಲಿ ದಿಕ್ಕಿನ ಹೆಸರು ಬರೆದಿರುವುದಿಲ್ಲ. ಹಾಗಾದರೆ ದಿಕ್ಕು ಎಲ್ಲಿಂದ ಬಂತು?

ಇದನ್ನು ಪ್ರಯೋಗ ಮಾಡಿ ನೋಡಿದವರಲ್ಲಿ ಮೊದಲಿಗರು ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಟೂರಿ. ಕಿರಿದಾದ ಕೊಳವೆಯಲ್ಲಿ ನೀರು ವೇಗವಾಗಿ ಹರಿಯುವ ನಿಯಮಕ್ಕೆ ಇವರದೇ ಹೆಸರಿದೆ. ಬಯಲಿನ ನಡುವೆ ಒಬ್ಬನಿಗೆ ಕಣ್ಣು ಕಟ್ಟಿ ನಿಲ್ಲಿಸಿ, ದೂರದಲ್ಲಿ ಸುತ್ತ ನಡೆಯುತ್ತ ಸದ್ದು ಮಾಡಿ, ಯಾವ ಕಡೆಯಿಂದ ಬಂತು ಎಂದು ಕೇಳಿದರು. ಹುಡುಗರ ಕಣ್ಣಾಮುಚ್ಚಾಲೆ ಆಟವೇ. ಎರಡು ಕಿವಿಗಳಿಗೆ ಕೇಳುವ ಜೋರಿನ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ ಎಂದು 1796ರಲ್ಲಿ ಬರೆದರು. ಒಂದೇ ಕಿವಿಯಾದರೆ ಸದ್ದು ಆ ಕಿವಿಯ ಕಡೆಯೇ ಇದ್ದಂತೆ ತೋರುತ್ತದೆ, ಸದ್ದು ಸ್ವಲ್ಪ ಹೊತ್ತು ನಿಂತರೆ ತಲೆ ತಿರುಗಿಸಿ ಹುಡುಕಿಕೊಳ್ಳಬಹುದು ಎಂಬುದೂ ಅವರಿಗೆ ಕಂಡಿತ್ತು. ಕಿಟಕಿಯ ಸಾಲಿನ ಹುಡುಗಿಯ ಕಥೆ ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಆದರೆ ಆ ಬರಹವನ್ನು ಬಹುಕಾಲ ಯಾರೂ ಹೆಚ್ಚು ಗಮನಿಸಲಿಲ್ಲ.

ಇನ್ನು ನನ್ನ ಮೆಚ್ಚಿನ ಮನುಷ್ಯ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಟೆರ್ಲಿಂಗ್ ಎಂಬ ಹಳ್ಳಿಯ ಜಮೀನುದಾರ, ಜಾನ್ ವಿಲಿಯಂ ಸ್ಟ್ರಟ್, ಲಾರ್ಡ್ ರೇಲಿ ಎಂದರೆ ಎಲ್ಲರಿಗೂ ಗೊತ್ತು. ಹುಟ್ಟಿದ್ದು 1842ರಲ್ಲಿ. ಆಕಾಶ ನೀಲಿ ಯಾಕೆ ಎಂದು ಹೇಳಿದವರು ಅವರೇ, 1904ರಲ್ಲಿ ನೊಬೆಲ್ ಪಡೆದವರು ಅವರೇ. 1871ರಲ್ಲಿ ಎವೆಲಿನ್ ಬಾಲ್ಫೋರ್ ಜೊತೆ ಮದುವೆಯಾಯಿತು. ಮರುವರ್ಷವೇ ಕೀಲುಜ್ವರ ಬಂದು ಸಾಯುವ ಹಾಗಾದರು. ಚಳಿಗಾಲಕ್ಕೆ ಬಿಸಿಲಿನ ನಾಡಿಗೆ ಹೋಗಬೇಕೆಂದು ಹೆಂಡತಿಯನ್ನು ಕರೆದುಕೊಂಡು ನೈಲ್ ನದಿಯಲ್ಲಿ ದೋಣಿಯ ಮೇಲೆ ಹೊರಟರು. ಕಾಯಿಲೆಯಿಂದ ಎದ್ದವರು, ಹೊಸ ಮದುವೆ, ಸುತ್ತ ನೈಲ್ ನದಿ. ಈ ಮಹಾರಾಯರು ಅಲ್ಲಿ ಕುಳಿತು ಶಬ್ದಶಾಸ್ತ್ರದ ಮೇಲೆ ದೊಡ್ಡ ಗ್ರಂಥ ಬರೆಯಲು ತೊಡಗಿದರು. ಅದು ಎರಡು ಸಂಪುಟಗಳಾಗಿ 1877, 1878ರಲ್ಲಿ ಹೊರಬಂತು. ಆ ದೋಣಿಯಲ್ಲಿ ಎವೆಲಿನ್ ಅವರ ಅಕ್ಕ ಎಲಿನರ್ ಕೂಡ ಇದ್ದರು. ಗಣಿತ ಬಲ್ಲ ಈಕೆ ಮುಂದೆ ಭಾವನ ಜೊತೆ ಕೇಂಬ್ರಿಜ್‌ನಲ್ಲಿ ವಿದ್ಯುತ್ತಿನ ಅಳತೆಗಳ ಮೇಲೆ ಕೆಲಸ ಮಾಡಿ, ಸಂಶೋಧನಾ ಪ್ರಬಂಧಗಳಲ್ಲಿ ತಮ್ಮ ಹೆಸರೂ ಇರುವಂತೆ ಮಾಡಿದರು. ಆಮೇಲೆ ಹೆಣ್ಣುಮಕ್ಕಳ ನ್ಯೂನಮ್ ಕಾಲೇಜಿನ ಪ್ರಿನ್ಸಿಪಾಲರಾದರು. ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಆಕೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಟೆರ್ಲಿಂಗ್‌ನ ಮನೆಯ ಮುಂದೆ ವಿಶಾಲವಾದ ಹುಲ್ಲುಹಾಸು. 1870ರ ದಶಕದ ನಡುವಿನಲ್ಲಿ, ಗಾಳಿ ಇಲ್ಲದ ಹೊತ್ತು ನೋಡಿ, ಅದರ ಮೇಲೆ ಒಬ್ಬರು ಕಣ್ಣು ಮುಚ್ಚಿ ನಿಲ್ಲುವುದು, ಸುತ್ತ ಉಳಿದವರು ನಿಂತು ಒಬ್ಬೊಬ್ಬರೇ ಮಾತಾಡುವುದು. ಒಂದು ಮಾತು, ಬರೀ ಒಂದು ಸ್ವರ ಸಾಕು, ನಿಂತವರು ಸರಿಯಾದ ಕಡೆಗೆ ಬೆರಳು ತೋರಿಸುತ್ತಿದ್ದರು. ಆಮೇಲೆ ಮಾತು ಬಿಟ್ಟು ಶ್ರುತಿಕವೆ ತಂದರು. ನನ್ನ ಹಣೆಯ ಮೇಲೆ ಊರಿದ್ದರಲ್ಲ, ಅದೇ. ಎಡವೋ ಬಲವೋ ಎಂದರೆ ಈಗಲೂ ತಪ್ಪದೆ ಹೇಳುತ್ತಿದ್ದರು. ಆದರೆ ಒಂದು ಕವೆ ಮುಖದ ಮುಂದೆ, ಇನ್ನೊಂದು ಬೆನ್ನ ಹಿಂದೆ ಇಟ್ಟರೆ ಯಾವುದು ನುಡಿಯಿತು ಎಂದು ಹೇಳಲಾಗದೆ ತಡಬಡಾಯಿಸಿದರು. ಎರಡೂ ಕಿವಿ ಗಟ್ಟಿಯಾಗಿದ್ದವರೇ ಮುಂದೇನು ಹಿಂದೇನು ತಿಳಿಯದೆ ನಿಂತರು.

ಇದಕ್ಕಿಂತಲೂ ರೇಲಿಯವರನ್ನು ಕಾಡಿದ್ದು ಎಡಬಲದ ವಿಷಯ. ಜೋರಿನ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ ಎನ್ನುವುದು ನ್ಯಾಯವಾದ ಮಾತು, ಏಕೆಂದರೆ ನಡುವೆ ತಲೆ ಅಡ್ಡ ಇದೆ. ಆದರೆ ತಲೆ ಎಲ್ಲ ಸದ್ದಿಗೂ ಅಡ್ಡವಾಗುವುದಿಲ್ಲ. ಹೊಳೆಯಲ್ಲಿ ಒಂದು ಕಲ್ಲಿದ್ದರೆ ಸಣ್ಣ ಅಲೆಗಳು ಅದಕ್ಕೆ ಬಡಿದು ನಿಲ್ಲುತ್ತವೆ, ದೊಡ್ಡ ಅಲೆ ಕಲ್ಲನ್ನು ಲೆಕ್ಕಿಸದೆ ಬಳಸಿ ಹೋಗುತ್ತದೆ. ಹಾಗೆಯೇ ಕೀಚಲು ದನಿಯ ಅಲೆ ಗಿಡ್ಡ, ತಲೆ ಅದನ್ನು ತಡೆಯುತ್ತದೆ. ಸೆಕೆಂಡಿಗೆ 128 ಸಲ ನಡುಗುವ ದಪ್ಪ ದನಿಯ ಅಲೆ ಎರಡೂವರೆ ಮೀಟರಿಗೂ ಉದ್ದ. ಅದರ ಮುಂದೆ ನಮ್ಮ ತಲೆ ಯಾವ ಲೆಕ್ಕ? ಅಂಥ ದನಿ ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ತಲುಪುತ್ತದೆ. ಆದರೂ ಜನ ಎಡಬಲ ಸರಿಯಾಗಿ ಹೇಳುತ್ತಿದ್ದರು! ಕಾರಣ ರೇಲಿಯವರಿಗೂ ಆಗ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂಬುದನ್ನು ಮುಚ್ಚಿಡಲೂ ಇಲ್ಲ.

ಉತ್ತರ ಬಂದದ್ದು ಮೂವತ್ತು ವರ್ಷಗಳ ನಂತರ, 1907ರಲ್ಲಿ, ಅವರ ಅರುವತ್ತೈದನೆಯ ವಯಸ್ಸಿನಲ್ಲಿ. ಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಅಕ್ಕಪಕ್ಕ ಎರಡು ಜೋಕಾಲಿ, ಎರಡರಲ್ಲೂ ಹುಡುಗಿಯರು ಒಂದೇ ವೇಗದಲ್ಲಿ ಜೀಕುತ್ತಿದ್ದಾರೆ, ಆದರೆ ಒಂದು ತುಸು ಮುಂದೆ, ಇನ್ನೊಂದು ತುಸು ಹಿಂದೆ. ಎರಡು ಕಿವಿಗಳ ನಡುಕವೂ ಹಾಗೆಯೇ. ಸದ್ದು ಬಲಗಡೆಯಿಂದ ಬಂದರೆ ಬಲಗಿವಿಯ ಜೋಕಾಲಿ ಮುಂದಿರುತ್ತದೆ. ರೇಲಿಯವರು ಹೆಚ್ಚುಕಡಿಮೆ ಒಂದೇ ಶ್ರುತಿಯ ಎರಡು ದಪ್ಪ ದನಿಗಳನ್ನು ಬೇರೆಬೇರೆ ಕೊಳವೆಗಳಲ್ಲಿ ತಂದು, ಒಂದೊಂದು ಕಿವಿಗೆ ಒಂದೊಂದನ್ನು ಕೊಟ್ಟು ಕೇಳಿದರು. ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದದ್ದರಿಂದ ಒಮ್ಮೆ ಇದು ಮುಂದಾಗುತ್ತಿತ್ತು, ಒಮ್ಮೆ ಅದು. ಅದಕ್ಕೆ ಸರಿಯಾಗಿ ಸದ್ದು ತಲೆಯ ಬಲಕ್ಕೂ ಎಡಕ್ಕೂ ಓಡಾಡಿದಂತೆ ಕೇಳಿಸಿತು. ದಪ್ಪ ದನಿಗೆ ಸಮಯದ ವ್ಯತ್ಯಾಸ, ಕೀಚಲು ದನಿಗೆ ಜೋರಿನ ವ್ಯತ್ಯಾಸ, ಹೀಗೆ ಮಿದುಳಿನಲ್ಲಿ ಎರಡು ತಕ್ಕಡಿಗಳಿವೆ ಎಂದಾಯಿತು. ಇಂದಿಗೂ ಪಾಠ ಶುರುವಾಗುವುದು ಅಲ್ಲಿಂದಲೇ.

ಆ ಸಮಯದ ಅಂತರ ಎಷ್ಟು ಗೊತ್ತೇ? ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಒಂದು ಕಿವಿಯಿಂದ ತಲೆ ಬಳಸಿ ಇನ್ನೊಂದು ಕಿವಿಗೆ ಹೋಗಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಅದರ ಮುಕ್ಕಾಲೂ ಇಲ್ಲ. ಅದು ಅತಿ ಹೆಚ್ಚಿನ ಅಂತರ. ಸದ್ದು ಮುಖದ ಎದುರಿನಿಂದ ತುಸುವೇ ಪಕ್ಕಕ್ಕೆ ಸರಿದರೆ ಇನ್ನೂ ಕಡಿಮೆ. ಒಳ್ಳೆಯ ಎರಡು ಕಿವಿಗಳು ಸೆಕೆಂಡಿನ ಲಕ್ಷದ ಒಂದು ಭಾಗದ ಅಂತರವನ್ನೂ ಗುರುತಿಸಬಲ್ಲವು. ಬೆಳಿಗ್ಗೆ ನೆರಿಗೆ ಹಿಡಿಯುತ್ತ, ಒಗ್ಗರಣೆಯ ಯೋಚನೆ ಮಾಡುತ್ತ, ಬಾಜೂ ಮನೆಯವರ ಜೊತೆ ಕಿಟಕಿಯಲ್ಲಿ ಮಾತಾಡುತ್ತ ನಾನು ಇಪ್ಪತ್ತೆರಡು ವರ್ಷ ಈ ಲೆಕ್ಕ ಮಾಡಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ನನಗೆ ಬಂದದ್ದು 38 ಅಂಕ.

ಪಂಡಿತರು ಹೀಗೆ ಕಾರಣ ಹುಡುಕುತ್ತಿರುವಾಗಲೇ, ಕಾರಣದ ಗೊಡವೆಗೆ ಹೋಗದೆ ಎರಡು ಕಿವಿಗೆ ಹಬ್ಬ ಮಾಡಿದವರೂ ಇದ್ದರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ದೊಡ್ಡ ಪ್ರದರ್ಶನ ನಡೆಯಿತು. ಕ್ಲೆಮಾಂ ಅದೇರ್ ಎಂಬ ಇಂಜಿನಿಯರು ಅಲ್ಲಿನ ಒಪೆರಾ ರಂಗಮಂದಿರದ ವೇದಿಕೆಯ ಎಡಕ್ಕೂ ಬಲಕ್ಕೂ ಟೆಲಿಫೋನಿನ ಧ್ವನಿಗ್ರಾಹಕಗಳನ್ನಿಟ್ಟು, ತಂತಿಗಳ ಮೂಲಕ ಸಂಗೀತವನ್ನು ಪ್ರದರ್ಶನಕ್ಕೆ ಸಾಗಿಸಿದರು. ಜನ ಎರಡು ಕಿವಿಗೆ ಎರಡು ಟೆಲಿಫೋನು ಹಿಡಿದು ನಿಂತು ಕೇಳಿದರು. ಹಾಡುವವರು ವೇದಿಕೆಯ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದುಹೋದದ್ದು ಕಾಣದೆಯೇ ತಿಳಿಯುತ್ತಿತ್ತು. ಟೆಲಿಫೋನು ಹುಟ್ಟಿ ಆಗ ಐದೇ ವರ್ಷ.

ಐವತ್ತು ವರ್ಷದ ಮೇಲೆ ಅದೇ ಸಂಗತಿ ಸಿನಿಮಾದಲ್ಲಿ ಮರುಹುಟ್ಟು ಪಡೆಯಿತು. 1931ರ ಸುಮಾರಿಗೆ ಲಂಡನ್ನಿನಲ್ಲಿ ಅಲನ್ ಬ್ಲಮ್ಲೈನ್ ಎಂಬ ತರುಣ ಇಂಜಿನಿಯರು ಭಾವೀ ಪತ್ನಿ ಡೋರೀನ್ ಜೊತೆ ಮಾತಿನ ಸಿನಿಮಾ ನೋಡಲು ಹೋದರಂತೆ. ಪರದೆಯ ಮೇಲೆ ನಟ ಒಂದು ಕಡೆ, ಅವನ ಮಾತು ಇನ್ನೆಲ್ಲಿಂದಲೋ, ಏಕೆಂದರೆ ಇದ್ದದ್ದು ಒಂದೇ ಧ್ವನಿವರ್ಧಕ. ಇದನ್ನು ಸರಿಮಾಡುವ ಉಪಾಯ ನನ್ನ ಹತ್ತಿರ ಇದೆ ಎಂದು ಅವರು ಆಕೆಗೆ ಹೇಳಿದರು ಎಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಸಿನಿಮಾಕ್ಕೆ ಕರೆದೊಯ್ದು ಇಂಥ ಮಾತಾಡುವ ಗಂಡಸರು ಎಲ್ಲ ದೇಶದಲ್ಲೂ ಇರುತ್ತಾರೆ. ಆದರೆ ಇವರು ಮಾಡಿ ತೋರಿಸಿದರು. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಈಗ ನಾವು ಸ್ಟೀರಿಯೋ ಎನ್ನುವ ಎಲ್ಲದರ ಬೇರು ಅಲ್ಲಿದೆ. ಎರಡು ಧ್ವನಿವರ್ಧಕಗಳ ನಡುವಿನ ಖಾಲಿ ಜಾಗದಲ್ಲಿ, ಯಾರೂ ಇಲ್ಲದ ಕಡೆ, ಹಾಡುವವರು ನಿಂತಂತೆ ಭಾಸವಾಗುವುದು ಎರಡು ಕಿವಿಗಳಿಗೆ ಬೇಕೆಂದೇ ಮಾಡಿದ ಮೋಸ. ಬ್ಲಮ್ಲೈನ್ 1942ರ ಜೂನ್ 7ರಂದು ಯುದ್ಧವಿಮಾನದಲ್ಲಿ ರೇಡಾರ್ ಪರೀಕ್ಷೆ ಮಾಡುತ್ತಿರುವಾಗ ವಿಮಾನ ಬಿದ್ದು ತೀರಿಕೊಂಡರು. ಮೂವತ್ತೆಂಟು ವರ್ಷ. ನಮ್ಮ ಮನೆಯವರು ಸಂಜೆ ಎರಡು ಬೂದು ಪೆಟ್ಟಿಗೆಗಳ ನಡುವೆ ಕುಳಿತು ಮಲ್ಲಿಕಾರ್ಜುನ ಮನಸೂರರನ್ನು ಕೇಳುವಾಗ, ನನಗೆ ಈಗ ಒಂದು ಪೆಟ್ಟಿಗೆ ಸಾಕು.

ಮುಂದಿನ ಕಥೆಯಲ್ಲಿ ಗೂಬೆ ಬರುತ್ತದೆ. ಮನೆಯ ಮೇಲೆ ಕೂತರೆ ಅಪಶಕುನ ಎಂದು ನಾವು ಓಡಿಸುವ ಗೂಬೆಯ ಕಿವಿ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಜಾಣ. ಕಣಜ ಗೂಬೆಯ ಎಡಗಿವಿಯ ತೂತು ಬಲಗಿವಿಯದಕ್ಕಿಂತ ಮೇಲಿರುತ್ತದೆ. ಆದ್ದರಿಂದ ಎಡಬಲ ಮಾತ್ರವಲ್ಲ, ಮೇಲೆ ಕೆಳಗೆ ಎಂಬುದೂ ಅದಕ್ಕೆ ಎರಡು ಕಿವಿಯ ಹೋಲಿಕೆಯಿಂದಲೇ ತಿಳಿಯುತ್ತದೆ, ಕಗ್ಗತ್ತಲಲ್ಲಿ ಎಲೆಯ ಮೇಲೆ ಇಲಿ ಸರಿದರೆ ಸಾಕು. 1978ರಲ್ಲಿ ಎರಿಕ್ ನಡ್ಸೆನ್ ಮತ್ತು ಮಸಕಾಜು ಕೊನಿಶಿ ಎಂಬ ವಿಜ್ಞಾನಿಗಳು ಗೂಬೆಯ ಮಿದುಳಿನಲ್ಲಿ ಸದ್ದಿನ ದಿಕ್ಕುಗಳ ಒಂದು ನಕಾಶೆಯೇ ಇರುವುದನ್ನು ತೋರಿಸಿದರು. ಕಣ್ಣಿಗೆ ಹುಟ್ಟಿನಿಂದ ಸಿಕ್ಕ ಪರದೆಯನ್ನು ಕಿವಿ ಲೆಕ್ಕ ಮಾಡಿ ಮಾಡಿ ಮಿದುಳಿನೊಳಗೆ ತಾನೇ ಕಟ್ಟಿಕೊಂಡಿದೆ.

ನಮ್ಮ ಕಿವಿಗಳು ಒಂದೇ ಎತ್ತರದಲ್ಲಿವೆ. ಹಾಗಾದರೆ ಮೇಲೆ ಕೆಳಗೆ, ಹಿಂದೆ ಮುಂದೆ ನಮಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಹೊರಗಿವಿಯ ಮಡಿಕೆಗಳು ಬೇಕು. ಬೆಂಡೋಲೆ ತೂಗಿಸಲು ಮಾತ್ರ ಇದೆ ಎಂದು ನಾನು ತಿಳಿದಿದ್ದ ಈ ಸುರುಳಿ, ಒಂದೊಂದು ಕಡೆಯಿಂದ ಬಂದ ಸದ್ದಿನ ಬಣ್ಣವನ್ನು ಒಂದೊಂದು ರೀತಿ ಬದಲಿಸಿ ಒಳಗೆ ಬಿಡುತ್ತದೆ. ಮನುಷ್ಯನ ಮಾತಿನಲ್ಲಿ ಹಲವು ಶ್ರುತಿಗಳ ಬೆರಕೆ ಇರುವುದರಿಂದ ಆ ಬದಲಾವಣೆ ಗೊತ್ತಾಗುತ್ತದೆ. ಶ್ರುತಿಕವೆಯದು ಒಂಟಿ ದನಿ, ಅದರಲ್ಲಿ ಬದಲಾಗಲು ಏನೂ ಇಲ್ಲ. ಟೆರ್ಲಿಂಗ್‌ನ ಹುಲ್ಲುಹಾಸಿನ ಮೇಲೆ ಮಂದಿ ತಡಬಡಾಯಿಸಿದ್ದು ಅದಕ್ಕೇ.

1998ರಲ್ಲಿ ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು ನಾಲ್ಕು ಜನರ ಹೊರಗಿವಿಯ ಮಡಿಕೆಗಳಲ್ಲಿ ಅಚ್ಚುಗಳನ್ನು ಕೂಡಿಸಿ ಕಿವಿಯ ಆಕಾರವನ್ನೇ ಬದಲಿಸಿದರು. ಎಡಬಲ ತಿಳಿಯುತ್ತಿತ್ತು, ಮೇಲು ಕೆಳಗು ತಿಳಿಯದಾಯಿತು. ಅಚ್ಚುಗಳೊಂದಿಗೇ ಓಡಾಡಿಕೊಂಡಿದ್ದರು. ಕೆಲವು ವಾರಗಳಲ್ಲಿ ಮಿದುಳು ಹೊಸ ಕಿವಿಯನ್ನು ಕಲಿತುಕೊಂಡಿತು. ಅಚ್ಚು ತೆಗೆದ ಮೇಲೆ ಹಳೆಯ ಕಿವಿಯ ಪಾಠವೂ ಮರೆತಿರಲಿಲ್ಲ. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಒಂದೇ ಕಿವಿಯವರೂ ವರ್ಷಗಳು ಕಳೆದಂತೆ ಆ ಮಡಿಕೆಗಳ ಸುಳಿವನ್ನು ಹಿಡಿದು, ತಲೆ ತಿರುಗಿಸಿ, ಸ್ವಲ್ಪ ಮಟ್ಟಿಗೆ ದಿಕ್ಕು ಕಲಿಯುತ್ತಾರಂತೆ. ನಾನೂ ಒಂದಿಷ್ಟು ಕಲಿತಿದ್ದೇನೆ. ಸತ್ತ ಕಿವಿಯ ಕಡೆಯ ಸದ್ದನ್ನು ಒಳ್ಳೆಯ ಕಿವಿಗೆ ಸಾಗಿಸುವ ಯಂತ್ರವೂ ಸಿಗುತ್ತದೆ, ಆದರೆ ಕೇಳುವ ಕಿವಿ ಒಂದೇ ಆದದ್ದರಿಂದ ಅದು ದಿಕ್ಕನ್ನು ಮರಳಿ ಕೊಡುವುದಿಲ್ಲ.

2018ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯನ್ನು ವಿಜಯಪುರಕ್ಕೆ ಪ್ರವಾಸ ಕರೆದೊಯ್ದೆವು. ಅದೇ ಹುಡುಗಿಯರು, ಒಂದು ವರ್ಷ ದೊಡ್ಡವರಾಗಿದ್ದರು. ಗೋಲಗುಮ್ಮಟದ ಹೊರಗೆ ನಿಲ್ಲಿಸಿ ನನ್ನ ಪಾಠ ಒಪ್ಪಿಸಿದೆ: 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ, ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರು. ಆ ಸಲ ಇನ್ನೊಂದು ಮಾತನ್ನೂ ಸೇರಿಸಿದೆ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯಲ್ಲೂ ಇಂಥದೇ ಪಿಸುಮಾತಿನ ಮೊಗಸಾಲೆ ಇದೆ. ಪಿಸುಮಾತು ಗುಂಡನೆಯ ಗೋಡೆಗೆ ಅಂಟಿಕೊಂಡು ತೆವಳುತ್ತ ಆಚೆ ಬದಿಗೆ ಹೋಗುತ್ತದೆ ಎಂದು ವಿವರಿಸಿದವರು ಅದೇ ರೇಲಿ. 1921ರಲ್ಲಿ ನಮ್ಮ ಸಿ. ವಿ. ರಾಮನ್ ಅಲ್ಲಿಗೆ ಹೋಗಿ ಅದನ್ನು ಪರೀಕ್ಷಿಸಿದರು, ಮರುವರ್ಷ ಬರೆದ ಲೇಖನದಲ್ಲಿ ನಮ್ಮ ಗೋಲಗುಮ್ಮಟವನ್ನೂ ಸೇರಿಸಿದರು. ಹುಡುಗಿಯರು ರಾಮನ್ ಹೆಸರು ಕೇಳಿ ತಲೆಯಾಡಿಸಿದರು, ರೇಲಿ ಅವರಿಗೆ ಬೇಕಿರಲಿಲ್ಲ.

ಏಳು ಅಂತಸ್ತು ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬಂದೆವು. ಅಲ್ಲಿ ಶಿಸ್ತು ಎಂಬುದು ಯಾವ ಕಾಲಕ್ಕೂ ಸಾಧ್ಯವಿಲ್ಲ. ಒಂದು ಚಪ್ಪಾಳೆ ಹತ್ತಾಗಿ ಮರಳುತ್ತದೆ, ಒಂದು ನಗು ಇಡೀ ಗುಮ್ಮಟವನ್ನು ಸುತ್ತಿ ಬರುತ್ತದೆ. ನಾನು ಗೋಡೆಗೆ ಆತು ಕುಳಿತೆ. ಯಾರೋ ಪಿಸುದನಿಯಲ್ಲಿ "ಅಕ್ಕೋರ..." ಎಂದರು. ನಾನು ರೂಢಿಯಂತೆ ಎಡಕ್ಕೆ ತಿರುಗಿದೆ. ನೋಡಿದರೆ ನನ್ನ ಪಕ್ಕದಲ್ಲಿದ್ದ ಹುಡುಗಿಯರೆಲ್ಲ ತಿರುಗಿದ್ದರು, ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ, ಮತ್ತೊಬ್ಬಳು ಬೆನ್ನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದಳು. ಕರೆದವಳು ಎದುರು ಬದಿಯಲ್ಲಿ, ಬೆರಳಿನಷ್ಟು ಚಿಕ್ಕವಳಾಗಿ ಕಾಣುತ್ತ, ಕೈ ಬೀಸುತ್ತಿದ್ದಳು. ಅವರ ಎರಡೂ ಕಿವಿಗಳು ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದವು. ಸದ್ದು ನಿಜವಾಗಿಯೂ ಪಕ್ಕದ ಗೋಡೆಯಿಂದಲೇ ಬಂದಿತ್ತು.

ಗೋಡೆಯನ್ನು ನೋಡುತ್ತಿದ್ದವಳು ಕಿಟಕಿಯ ಸಾಲಿನ ಆ ಹುಡುಗಿ. ನನ್ನ ಕಡೆ ತಿರುಗಿ ನಕ್ಕಳು.

"ಇಲ್ಲೆ ಎಲ್ಲಾರೂ ನಿಮ್ಮಂಗ ಆಗ್ಯಾರ ನೋಡ್ರೀ ಅಕ್ಕೋರ."

ಕೆಳಗಿಳಿದು ಹುಲ್ಲಿನ ಮೇಲೆ ಬುತ್ತಿ ಬಿಚ್ಚಲು ಹೊರಟಾಗ ಅವಳು ನನ್ನ ಬಲಗಡೆ ನಡೆಯುತ್ತ ಏನೋ ಕೇಳುತ್ತಿದ್ದಳೆಂದು ಕಾಣುತ್ತದೆ. ನಾನು ಉತ್ತರ ಕೊಡದ್ದು ಕಂಡು ಒಂದು ಗಳಿಗೆ ಸುಮ್ಮನಾದಳು. ಆಮೇಲೆ ನನ್ನ ಹಿಂದಿನಿಂದ ಬಳಸಿ ಎಡಗಡೆಗೆ ಬಂದು, ಆದಿಲ್ ಶಾಹನ ಗೋರಿಯ ಪಕ್ಕದಲ್ಲಿರುವ ಹೆಂಗಸರ ಗೋರಿಗಳು ಯಾರವು ಎಂದು ಮತ್ತೆ ಮೊದಲಿನಿಂದ ಕೇಳಿದಳು.